ಹೊಸ ಮೀನಿನ ಜೊತೆ ಬಂದ ಬಿಳಿ ಚುಕ್ಕೆ ಕೊನೆಗೆ ಹೋಗಿದ್ದು ಹೀಗೆ

ಉಪ್ಪುನೀರಿನ ಟ್ಯಾಂಕಿಗೆ ಹೊಸ ಬ್ಲೂ ಟ್ಯಾಂಗ್ ಬಿಟ್ಟಮೇಲೆ ರೆಕ್ಕೆ ಮೇಲೆ ಉಪ್ಪಿನ ಹರಳಿನಂಥ ಚುಕ್ಕೆ, ಕಲ್ಲಿಗೆ ಮೈ ಉಜ್ಜೋದು, ಉಸಿರಾಟ ಜೋರು. ಮರೀನ್ ಇಕ್ ಅಂದ್ರೆ ಇದೇ, ಕಣ್ಣಿಗೆ ಕಾಣದಷ್ಟು ಸಣ್ಣ ಪರಾವಲಂಬಿ ಜೀವಿಯಿಂದ ಉಪ್ಪುನೀರಿನ ಮೀನಿಗೆ ಬರೋ ರೋಗ. ಚುಕ್ಕೆ ತಾನಾಗೇ ಮಾಯ ಆದ್ರೆ ವಾಸಿ ಆಯ್ತು ಅನ್ಕೋಬೇಡಿ, ಆ ಪರಾವಲಂಬಿ ಮೀನು ಬಿಟ್ಟು ಮರಳಿಗೆ ಇಳಿದು ಅಲ್ಲಿ ನೂರಾರು ಆಗ್ತಿರುತ್ತೆ ಅಷ್ಟೇ.

ಬೆಳ್ಳುಳ್ಳಿ ರಸ, ಹೀಟರ್ ಏರಿಸೋದು, ಕ್ಲೀನರ್ ಸೀಗಡಿ ಯಾವುದೂ ಆಗ್ಲಿಲ್ಲ. ಸಿಹಿನೀರಲ್ಲಿ ಅದ್ದಿದ್ದೂ ವೇಸ್ಟು, ಪರಾವಲಂಬಿ ಚರ್ಮದ ಒಳಗಿರುತ್ತೆ. ತಾಮ್ರದ ಔಷಧಿ ಹವಳ ಇರೋ ಟ್ಯಾಂಕಿಗೆ ಹಾಕೋ ಹಾಗೇ ಇಲ್ಲ.

ಕೆಲಸ ಮಾಡಿದ್ದು ಟ್ಯಾಂಕ್ ಬದಲಾಯಿಸೋ ವಿಧಾನ. ಎರಡು ಪ್ಲಾಸ್ಟಿಕ್ ಟಬ್, ಒಂದೊಂದಕ್ಕೂ ಬೇರೆ ಬೇರೆ ಹೀಟರ್, ಏರ್‌ಸ್ಟೋನ್ (ಗಾಳಿಗುಳ್ಳೆ ಬಿಡೋ ಕಲ್ಲು), ಅಡಗೋಕೆ ಪಿವಿಸಿ ಪೈಪ್ ತುಂಡು, ಮರಳು ಕಲ್ಲು ಬೇಡ್ವೇ ಬೇಡ. ಎರಡರಲ್ಲೂ ಸಾಂದ್ರತೆ 1.025, ಬಿಸಿ 26 ಡಿಗ್ರಿ. 72 ಗಂಟೆ ದಾಟೋ ಮುಂಚೆ ಮೀನನ್ನ ಮಾತ್ರ ಎತ್ತಿ ಇನ್ನೊಂದು ಟಬ್ಬಿಗೆ ಬಿಡಿ, ಹಳೇ ನೀರು ಒಂದು ಲೋಟನೂ ಜೊತೆಗೆ ಹೋಗ್ಬಾರ್ದು, ಖಾಲಿ ಆದ ಟಬ್ಬು ಸಾಮಾನು ತೊಳ್ದು ಬಿಸಿಲಲ್ಲಿ ಪೂರ್ತಿ ಒಣಗಿಸಿ. ಹೀಗೆ 4 ಸಲ. ಫಿಲ್ಟರ್ ಇರಲ್ಲ, ಅಮೋನಿಯಾ ದಿನಾ ಚೆಕ್ ಮಾಡಿ.

ಹಳೇ ಮೀನಿಗೂ ಇದೇ ಮಾಡ್ಬೇಕು, ಮೇನ್ ಟ್ಯಾಂಕು 76 ದಿನ ಮೀನಿಲ್ದೆ ಓಡ್ಬೇಕು, ಹವಳ ಬಸವನಹುಳು ಅಲ್ಲೇ ಇರ್ಲಿ. ವೆಲ್ವೆಟ್ ರೋಗ (ಇನ್ನೊಂದು ಪರಾವಲಂಬಿಯಿಂದ ಬರೋದು) ಆದ್ರೆ ಇದು ನಡೆಯಲ್ಲ, ಅದಕ್ಕೆ ಬೇರೆ ಟ್ಯಾಂಕಲ್ಲಿ ತಾಮ್ರ.