ಹಳೆಯ ಟೊಯೋಟಾ ಪಿಕಪ್‌ನಿಂದ ಪವರ್ ಸ್ಟೀರಿಂಗ್ ತೆಗೆದದ್ದು: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ನೆಲೆಸಿರುವ ನಾನು ಸ್ಯಾಕ್ರಮೆಂಟೊದ ಕೆಲಸಕ್ಕೆ ಹೋಗಿಬರಲು 1990ರ ದಶಕದ ಆರಂಭದ ಒಂದು ಟೊಯೋಟಾ ಪಿಕಪ್ ಇಟ್ಟುಕೊಂಡಿದ್ದೇನೆ. ಬೇರೆ ದೇಶಗಳಲ್ಲಿ ಹೈಲಕ್ಸ್ ಎನಿಸಿಕೊಂಡ ಈ ಗಾಡಿಯನ್ನು ಅಮೆರಿಕದಲ್ಲಿ, 1995ರಲ್ಲಿ ಟಕೋಮಾ ಎಂಬ ಹೊಸ ಮಾದರಿ ಬರುವವರೆಗೆ, ಟೊಯೋಟಾ ಪಿಕಪ್ ಎಂದಷ್ಟೇ ಮಾರುತ್ತಿದ್ದರು. ನನ್ನದು ಟೂ ವೀಲ್ ಡ್ರೈವ್, ಐದು ಗೇರು, 22ಆರ್‌ಇ ಎಂಬ 2.4 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನು. ಅದರ ಪವರ್ ಸ್ಟೀರಿಂಗ್ ಪಂಪು ಸೋರಲು ಶುರುವಾಗಿ, ರೀಕಂಡೀಷನ್ ಮಾಡಿದ ಪಂಪು ಮತ್ತು ಹೊಸ ಪ್ರೆಷರ್ ಹೋಸಿಗೆ ಹಣ ಹಾಕುವುದೋ ಅಥವಾ ಇಡೀ ವ್ಯವಸ್ಥೆಯನ್ನೇ ತೆಗೆದುಹಾಕುವುದೋ ಎಂಬ ಪ್ರಶ್ನೆ ಬಂದಾಗ, ಇದೇ ಮಾದರಿಯ ಅಗ್ಗದ ಗಾಡಿಗಳು ಕಾರ್ಖಾನೆಯಿಂದಲೇ ಪವರ್ ಸ್ಟೀರಿಂಗ್ ಇಲ್ಲದೆ ಹೊರಬಂದಿದ್ದವು ಎಂಬ ಸಂಗತಿ ನನ್ನ ತೀರ್ಮಾನವನ್ನು ಸುಲಭಗೊಳಿಸಿತು. ಅಂಥ ಗಾಡಿಯ ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗಿನ ತಿರುವನ್ನು ಚಕ್ರಗಳತ್ತ ಸಾಗಿಸುವ ಗೇರು ಪೆಟ್ಟಿಗೆ) ಸಿಗುವಂತಿದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಕು ಎಂಬುದು ಆಗಲೂ ನನ್ನ ಅಭಿಪ್ರಾಯವಾಗಿತ್ತು, ಈಗಲೂ ಅದೇ.

ಉಳಿತಾಯ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಎಣ್ಣೆಯ ಒತ್ತಡದಿಂದ ಸ್ಟೀರಿಂಗಿಗೆ ನೆರವಾಗುವ ಈ ಹೈಡ್ರಾಲಿಕ್ ಪಂಪು ಎಂಜಿನ್ ತಿರುಗುವಷ್ಟು ಹೊತ್ತೂ ತಿರುಗುತ್ತದೆ. ಹೆದ್ದಾರಿಯಲ್ಲಿ ಸ್ಟೀರಿಂಗನ್ನು ಅಲುಗಿಸದೆ ನೇರವಾಗಿ ಹೋಗುತ್ತಿದ್ದರೂ ಅದು ಎಣ್ಣೆಯನ್ನು ತಳ್ಳುತ್ತಲೇ ಇರುತ್ತದೆ. ಬೇಡವಾದ ಎಣ್ಣೆಯನ್ನು ಒಳಗಿನ ವಾಲ್ವ್ ಮತ್ತೆ ಪಂಪಿಗೇ ತಿರುಗಿಸುತ್ತದೆ, ಅದಕ್ಕೆ ತಗುಲಿದ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಈಗಿನ ಕಾರುಗಳ ಎಲೆಕ್ಟ್ರಿಕ್ ಸ್ಟೀರಿಂಗು ತಿರುಗಿಸಿದಾಗ ಮಾತ್ರ ಹೆಚ್ಚಿನ ಕರೆಂಟು ಎಳೆಯುವುದರಿಂದಲೇ ತಯಾರಕರು ಅತ್ತ ಹೊರಳಿದರು. ನನ್ನ ಗಾಡಿಯ ಗಾತ್ರ, ತೂಕಗಳನ್ನು ಹಿಡಿದು ಲೆಕ್ಕ ಹಾಕಿದರೆ, ಗಂಟೆಗೆ 60 ಮೈಲಿ ವೇಗದಲ್ಲಿ ಗಾಳಿಯ ತಡೆ ಮತ್ತು ಟೈರಿನ ಉರುಳು ತಡೆಯನ್ನು ಮೀರಲು ಸುಮಾರು 20 ಹಾರ್ಸ್‌ಪವರ್ ಬೇಕು. ನೇರ ಓಟದಲ್ಲಿ ಪಂಪು ಹೆಚ್ಚುಕಡಿಮೆ ಅರ್ಧ ಹಾರ್ಸ್‌ಪವರ್ ತಿನ್ನುತ್ತದೆ ಎಂದಿಟ್ಟುಕೊಂಡರೆ ಉಳಿಯಬಹುದಾದದ್ದು ಶೇಕಡಾ ಎರಡೂವರೆಯ ಆಸುಪಾಸು. ಶೇಕಡಾ ಹತ್ತು ಉಳಿಯಿತು ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಅವರು ಜೊತೆಯಲ್ಲೇ ಬೇರೇನನ್ನೋ ಬದಲಿಸಿರುತ್ತಾರೆ.

ಹಾಗೆ ಬದಲಾಗುವುದರಲ್ಲಿ ಮೊದಲನೆಯದು ಟೈರು. ಪವರ್ ಸ್ಟೀರಿಂಗ್ ಇಲ್ಲದ ಗಾಡಿಗೆ ಅಗಲ ಟೈರು ಇದ್ದರೆ ತೋಳು ಸೋಲುತ್ತದೆ. ಹಾಗಾಗಿ ಪವರ್ ಸ್ಟೀರಿಂಗ್ ತೆಗೆಯುವವರು ಸಹಜವಾಗಿಯೇ ಟೈರನ್ನು ಕಿರಿದಾಗಿಸಿ, ಗಾಳಿಯನ್ನು ಸ್ವಲ್ಪ ಹೆಚ್ಚು ಹಾಕಿಸುತ್ತಾರೆ, ಇವೆರಡೂ ತಮ್ಮಷ್ಟಕ್ಕೇ ಪೆಟ್ರೋಲ್ ಉಳಿಸುತ್ತವೆ. ನನಗಿಂತ ಮೊದಲಿನ ಮಾಲೀಕರು ಹಾಕಿಸಿದ್ದ ಅಗಲ ಟೈರುಗಳನ್ನು ತೆಗೆದು, 195 ಮಿ.ಮೀ. ಅಗಲದವನ್ನು ಹಾಕಿ, 35 ಪಿಎಸ್‌ಐ ಗಾಳಿ ತುಂಬಿಸಿ, ಪಂಪನ್ನು ಮುಟ್ಟದೆ ಮೊದಲು ಅಷ್ಟರ ಪರಿಣಾಮವನ್ನಷ್ಟೇ ಅಳೆದೆ. ಟೈರಿನ ಸುತ್ತಳತೆ ಬದಲಾದರೆ ಓಡೋಮೀಟರು ತಪ್ಪು ತೋರಿಸುವುದರಿಂದ ಫೋನಿನ ಜಿಪಿಎಸ್‌ನೊಂದಿಗೆ ತಾಳೆ ನೋಡಿ ದೂರವನ್ನು ಸರಿಪಡಿಸಿಕೊಂಡೆ. ಗ್ಯಾಲನ್‌ಗೆ 22.5 ಮೈಲಿ ಇದ್ದದ್ದು 23.8ಕ್ಕೆ ಏರಿತು, ಅಂದರೆ ಲೀಟರಿಗೆ 9.6 ಕಿ.ಮೀ.ನಿಂದ 10.1ಕ್ಕೆ.

ಇಲ್ಲಿ ಅಳತೆಯನ್ನು ಕೆಡಿಸುವ ಇನ್ನೆರಡು ವಿಷಯಗಳಿವೆ. ಬೇಸಿಗೆಯ ಸಂಜೆಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕಡೆಯಿಂದ ಕಾರ್ಕಿನೆಜ್ ಜಲಸಂಧಿಯ ಮೂಲಕ ಒಳನಾಡಿಗೆ ನುಗ್ಗುವ, ಡೆಲ್ಟಾ ಬ್ರೀಜ್ ಎನ್ನುವ ಗಾಳಿ, ಡೇವಿಸ್ ಮತ್ತು ಸ್ಯಾಕ್ರಮೆಂಟೊ ನಡುವಿನ ಯೋಲೊ ಕಾಸ್‌ವೇ ಎಂಬ ಉದ್ದನೆಯ ಸೇತುವೆಯ ಮೇಲೆ ಮನೆಗೆ ಮರಳುವಾಗ ಎದುರಿಗೇ ಬಡಿಯುತ್ತದೆ. ಹೋಗುವ ಇಲ್ಲವೇ ಬರುವ ದಾರಿಯೊಂದನ್ನೇ ಅಳೆದರೆ ಪಂಪಿನ ಶೇಕಡಾ ಎರಡು ಆ ಗಾಳಿಯಲ್ಲಿ ಹಾರಿಹೋಗುತ್ತದೆ. ಎರಡನೆಯದು, ಚಳಿಗಾಲದಲ್ಲಿ ಮಾರುವ ಪೆಟ್ರೋಲಿನ ಮಿಶ್ರಣವೇ ಬೇರೆ, ಅದರಲ್ಲಿ ಶಕ್ತಿಯ ಅಂಶ ತುಸು ಕಡಿಮೆ. ಆದ್ದರಿಂದ ಬೇಸಿಗೆಯನ್ನು ಬೇಸಿಗೆಯೊಂದಿಗೇ ಹೋಲಿಸಿದೆ, ಒಂದೇ ಬಂಕಿನಲ್ಲಿ ತುಂಬಿಸಿದೆ, ಹೋಗುವ ದಾರಿ ಬರುವ ದಾರಿ ಎರಡನ್ನೂ ಸೇರಿಸಿ ಲೆಕ್ಕ ಇಟ್ಟೆ.

22ಆರ್‌ಇ ಎಂಜಿನ್ನಿನಲ್ಲಿ ಪವರ್ ಸ್ಟೀರಿಂಗ್ ಪಂಪಿಗೆ ಅದರದೇ ವಿ-ಬೆಲ್ಟ್ ಇರುವುದು ದೊಡ್ಡ ಅನುಕೂಲ. ಒಂದೇ ಉದ್ದನೆಯ ಬೆಲ್ಟಿನಿಂದ ಎಲ್ಲವನ್ನೂ ಓಡಿಸುವ ಗಾಡಿಗಳಲ್ಲಿ ಪಂಪು ತೆಗೆದರೆ ಆ ಜಾಗಕ್ಕೆ ಬಿಡಿ ಪುಲ್ಲಿ ಹಾಕಬೇಕು ಅಥವಾ ಗಿಡ್ಡ ಬೆಲ್ಟ್ ಹುಡುಕಬೇಕು; ಇಲ್ಲಿ ಆ ಬೆಲ್ಟೊಂದನ್ನು ಬಿಚ್ಚಿದರೆ ಆಲ್ಟರ್ನೇಟರಿಗಾಗಲಿ ವಾಟರ್ ಪಂಪಿಗಾಗಲಿ ಏನೂ ಆಗುವುದಿಲ್ಲ. ಹೀಗಾಗಿ ಬಾಕ್ಸ್ ಬದಲಿಸುವ ಮುನ್ನ ಬೆಲ್ಟನ್ನಷ್ಟೇ ಬಿಚ್ಚಿ, ವಾಹನ ಸಂಚಾರವಿಲ್ಲದ ದಾರಿಯಲ್ಲಿ ಓಡಿಸಿ ನೋಡಿದೆ. ಅದನ್ನೇ ಶಾಶ್ವತ ಪರಿಹಾರವೆಂದು ಬಿಟ್ಟುಬಿಡುವವರಿದ್ದಾರೆ, ಅದು ಸರಿಯಲ್ಲ. ಪವರ್ ಬಾಕ್ಸಿನ ಗೇರ್ ಅನುಪಾತವು ಎಣ್ಣೆಯ ನೆರವು ಇದ್ದೇ ಇರುತ್ತದೆ ಎಂದು ಲೆಕ್ಕ ಹಾಕಿ ಮಾಡಿದ್ದು. ನೆರವಿಲ್ಲದಾಗ ಒಳಗಿನ ಪಿಸ್ಟನ್ನಿನಿಂದ ಎಣ್ಣೆಯನ್ನು ತಳ್ಳುವ ಶ್ರಮವೂ ನಮ್ಮ ಕೈಗೇ ಬೀಳುತ್ತದೆ. ಜೊತೆಗೆ ಒಳಗಿರುವ ಟಾರ್ಷನ್ ಬಾರ್ ಎಂಬ ಸಣ್ಣ ಸರಳು ತಿರುಚಿಕೊಂಡ ಮೇಲೆಯೇ ಚಕ್ರಕ್ಕೆ ತಿರುವು ಮುಟ್ಟುವುದರಿಂದ ನಡುವಿನಲ್ಲಿ ಒಂದಿಷ್ಟು ಸಡಿಲ ತೋರುತ್ತದೆ. ಹೆದ್ದಾರಿಯ ವೇಗದಲ್ಲಿ ಆ ಸಡಿಲ ನನಗೆ ಒಪ್ಪಿಗೆಯಾಗಲಿಲ್ಲ.

ಎಣ್ಣೆಯ ನೆರವಿಲ್ಲದೆ ಕೈಬಲದಿಂದಲೇ ತಿರುಗುವ ಮ್ಯಾನುಯಲ್ ಬಾಕ್ಸನ್ನು ಹಳೆಯ ಗಾಡಿ ಬಿಚ್ಚುವ ಸಾಲ್ವೇಜ್ ಯಾರ್ಡಿನಿಂದ ತಂದೆ. ಬಾಕ್ಸ್ ಮಾತ್ರ ಕೊಳ್ಳದೆ, ಅದೇ ಗಾಡಿಯ ಪಿಟ್‌ಮನ್ ಆರ್ಮ್ (ಬಾಕ್ಸಿನ ಶಾಫ್ಟಿನಿಂದ ಚಕ್ರಗಳ ಕಡೆಯ ಸರಳುಗಳನ್ನು ಎಳೆಯುವ ತೋಳು), ಸ್ಟೀರಿಂಗ್ ಕಾಲಮ್ಮಿಗೆ ಜೋಡಿಸುವ ಕಪ್ಲಿಂಗು ಮತ್ತು ಬೋಲ್ಟುಗಳನ್ನೂ ಒಟ್ಟಿಗೇ ತಂದದ್ದರಿಂದ ಹಲ್ಲುಗಳು ಕೂರುತ್ತವೆಯೋ ಇಲ್ಲವೋ ಎಂಬ ಚಿಂತೆ ಉಳಿಯಲಿಲ್ಲ. ಚಾಸಿಯ ಮೇಲೆ ಬೋಲ್ಟಿನ ತೂತುಗಳು ಹೊಂದುತ್ತವೆಯೇ ಎಂಬುದನ್ನು ಯಾರ್ಡಿನಲ್ಲೇ ರಟ್ಟಿನ ಮೇಲೆ ಗುರುತು ಮಾಡಿಕೊಂಡು ನೋಡುವುದು ಲೇಸು. ಎಲ್ಲ ವರ್ಷದ ಗಾಡಿಗಳೂ ಒಂದೇ ಎಂದು ತಿಳಿಯಬಾರದು. ನನ್ನ ಗಾಡಿಯಲ್ಲಿ ಅತ್ಯಂತ ಬಿಗಿಯಾಗಿದ್ದದ್ದು ಪಿಟ್‌ಮನ್ ಆರ್ಮ್. ದಪ್ಪ ನಟ್ಟಿಗೂ ಶಾಫ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಮಾತ್ರ ಸಡಿಲಿಸಿ, ಪುಲ್ಲರ್ ಹಾಕಿ ಬಿಗಿಸುತ್ತಾ ಆರ್ಮಿನ ಪಕ್ಕಕ್ಕೆ ಸುತ್ತಿಗೆಯಿಂದ ಬಡಿದಾಗ ಅದು ಗುಂಡು ಸಿಡಿದಂಥ ಸದ್ದು ಮಾಡಿ ಕಳಚಿಕೊಂಡಿತು. ನಟ್ಟು ಇಲ್ಲದಿದ್ದರೆ ಪುಲ್ಲರು, ಆರ್ಮು ಎರಡೂ ಮುಖದ ಕಡೆಗೆ ಹಾರಬಹುದು, ಆದ್ದರಿಂದ ಅದನ್ನು ಹಾಗೆಯೇ ಬಿಟ್ಟಿರಬೇಕು. ಹೊಸ ಬಾಕ್ಸನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ, ಸುತ್ತುಗಳನ್ನು ಎಣಿಸಿ, ಸರಿಯಾಗಿ ಅರ್ಧಕ್ಕೆ ನಿಲ್ಲಿಸಿ, ಚಕ್ರಗಳನ್ನು ನೇರ ಇಟ್ಟುಕೊಂಡೇ ಆರ್ಮನ್ನು ಕೂರಿಸಿದೆ. ಪವರ್ ಬಾಕ್ಸಿನಲ್ಲಿ ಓಡಾಡುವುದು ಡೆಕ್ಸ್‌ರಾನ್ ಎಂಬ ತೆಳು ಎಣ್ಣೆಯಾದರೆ ಮ್ಯಾನುಯಲ್ ಬಾಕ್ಸಿಗೆ ಬೇಕಾದದ್ದು ದಪ್ಪನೆಯ 90 ನಂಬರಿನ ಗೇರ್ ಆಯಿಲ್; ಕೂರಿಸುವ ಮುನ್ನ ಹಳೆಯ ಎಣ್ಣೆ ಚೆಲ್ಲಿ ಹೊಸದು ತುಂಬಿಸಿದೆ.

ಅನೇಕರು ಗಮನಿಸದೆ ಬಿಡುವ ಒಂದು ಜಾಗವಿದೆ. ಪಾರ್ಕಿಂಗಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಪಂಪಿನ ಹೊರೆಯಿಂದ ಎಂಜಿನ್ ನಿಂತುಹೋಗದಿರಲಿ ಎಂದು ಈ ಎಂಜಿನ್ನಿನಲ್ಲಿ ಪಂಪಿನ ಮೇಲೆಯೇ ಒಂದು ಸಣ್ಣ ಗಾಳಿ ವಾಲ್ವ್ ಇದ್ದು, ಅದರಿಂದ ಎರಡು ರಬ್ಬರ್ ಹೋಸುಗಳು ಇನ್‌ಟೇಕ್, ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ದಾರಿಯ, ಕಡೆಗೆ ಹೋಗುತ್ತವೆ. ಒತ್ತಡ ಏರಿದಾಗ ಹೆಚ್ಚುವರಿ ಗಾಳಿ ಬಿಟ್ಟು ಐಡ್ಲಿಂಗನ್ನು ಎತ್ತುವುದು ಅದರ ಕೆಲಸ. ಪಂಪು ಹೋದ ಮೇಲೆ ಈ ಹೋಸುಗಳ ಬಾಯಿ ತೆರೆದೇ ಉಳಿದರೆ, ಒಳಬರುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಮೀಟರಿನ ಲೆಕ್ಕಕ್ಕೆ ಸಿಗದ ಗಾಳಿ ಎಂಜಿನ್ನಿಗೆ ನುಗ್ಗಿ, ಐಡ್ಲಿಂಗ್ ಏರುಪೇರಾಗಿ, ಉಳಿಸಲು ಹೊರಟ ಪೆಟ್ರೋಲು ಹಾಳಾಗುತ್ತದೆ. ಎರಡೂ ನಿಪ್ಪಲ್‌ಗಳಿಗೆ ರಬ್ಬರ್ ಕ್ಯಾಪ್ ಹಾಕಿ ಕ್ಲಿಪ್ ಬಿಗಿದೆ. ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ಅದರ ನಂತರದ ಮಾದರಿಯ ಬಹುತೇಕ ಪೆಟ್ರೋಲ್ ಗಾಡಿಗಳಿಗೆ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ ಇದ್ದು, ಅದರಲ್ಲಿ ಹೋಸುಗಳನ್ನೂ ಕಣ್ಣಿಟ್ಟು ನೋಡುತ್ತಾರೆ. ಇದನ್ನು ಅಚ್ಚುಕಟ್ಟಾಗಿ ಮಾಡಲು ಅದೂ ಒಂದು ಕಾರಣ.

ಫಲಿತಾಂಶ ಇಷ್ಟು: 23.8 ಇದ್ದದ್ದು 24.4 ಮೈಲಿ ಆಯಿತು, ಹೆಚ್ಚುಕಡಿಮೆ ಶೇಕಡಾ ಎರಡೂವರೆ. ವರ್ಷಕ್ಕೆ 10,000 ಮೈಲಿ ಓಡಿಸಿದರೆ ಉಳಿಯುವುದು 10 ಗ್ಯಾಲನ್, ಗ್ಯಾಲನ್‌ಗೆ 5 ಡಾಲರ್ ಎಂದರೂ 50 ಡಾಲರ್. ಟೈರಿನಿಂದ ಬಂದ ಲಾಭ ಇದರ ಎರಡರಷ್ಟು, ಅದೂ ಕೈಗೆ ಗ್ರೀಸು ಮೆತ್ತಿಕೊಳ್ಳದೆ. ಪಂಪು ಚೆನ್ನಾಗಿರುವ ಗಾಡಿಯಿಂದ ಮೈಲೇಜಿಗೋಸ್ಕರವೇ ಅದನ್ನು ಕಿತ್ತುಹಾಕುವುದು ಲೆಕ್ಕಕ್ಕೆ ಕೂರುವುದಿಲ್ಲ. ಸೋರುವ ಪಂಪಿಗೆ ಬದಲಾಗಿ ಮ್ಯಾನುಯಲ್ ಬಾಕ್ಸ್ ಹಾಕಿದ್ದರಿಂದ ನನಗೆ ಕೂಡಿತು.

ಓಡಿಸುವ ಅನುಭವದಲ್ಲಿ ಗಂಟೆಗೆ 15 ಮೈಲಿ ದಾಟಿದ ಮೇಲೆ ಭಾರವೇ ತಿಳಿಯುವುದಿಲ್ಲ, ರಸ್ತೆಯ ಸುಳಿವು ಕೈಗೆ ಚೆನ್ನಾಗಿ ಸಿಗುತ್ತದೆ. ಆದರೆ ಮ್ಯಾನುಯಲ್ ಬಾಕ್ಸಿನಲ್ಲಿ ಸ್ಟೀರಿಂಗನ್ನು ಹೆಚ್ಚು ಸುತ್ತು ತಿರುಗಿಸಬೇಕಾಗುವುದರಿಂದ ಇಕ್ಕಟ್ಟಿನ ತಿರುವುಗಳಲ್ಲಿ ಕೈ ಬೇಗ ಓಡಬೇಕು. ಹಾಸನದ ಕಡೆ ಪವರ್ ಸ್ಟೀರಿಂಗ್ ಇಲ್ಲದ ಜೀಪಿನಲ್ಲಿ ಕಲಿಸುವಾಗ ನಮ್ಮಪ್ಪ ಹೇಳುತ್ತಿದ್ದರು, "ನಿಂತ ಗಾಡಿಯಲ್ಲಿ ಸ್ಟೀರಿಂಗ್ ತಿರುಗಿಸಬೇಡ ಮಗ, ಗಾಡಿ ಒಂಚೂರು ಉರುಳಲಿ, ಆಮೇಲೆ ತಿರುಗಿಸು." ಪಾರ್ಕಿಂಗಿನಲ್ಲಿ ಈಗ ಅದೇ ಕ್ರಮ. ನನ್ನ ಹೆಂಡತಿಗೆ ಭುಜದ ನೋವಿರುವುದರಿಂದ ಅವಳು ಈ ಗಾಡಿಯನ್ನು ಓಡಿಸುವುದಿಲ್ಲ. ಮನೆಯಲ್ಲಿ ಇರುವುದು ಇದೊಂದೇ ಗಾಡಿಯಾಗಿದ್ದರೆ ನಾನು ಪಂಪನ್ನೇ ಬದಲಿಸುತ್ತಿದ್ದೆ. ಹಿಂದೆ ಭಾರ ಹೇರಿ ಪೇಟೆಯ ಕಿರಿದಾದ ಬೀದಿಗಳಲ್ಲಿ ದಿನವಿಡೀ ಹಿಂದೆ ಮುಂದೆ ಮಾಡುವವರಿಗೂ, ಮುಂಭಾಗ ಭಾರವಿರುವ ದೊಡ್ಡ ಎಂಜಿನ್ನಿನ ಪಿಕಪ್ಪಿಗೂ ಇದನ್ನು ನಾನು ಹೇಳುವುದಿಲ್ಲ.

ಕೆಲಸ ಮುಗಿದ ಕೂಡಲೇ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಕ್ಯಾಸ್ಟರ್ ಕೋನವನ್ನು (ಪಕ್ಕದಿಂದ ನೋಡಿದಾಗ ಮುಂಚಕ್ರದ ತಿರುಗು ಅಕ್ಷದ ಓರೆ) ಅನುಮತಿಯಿರುವ ಮಿತಿಯ ಕೆಳಭಾಗಕ್ಕೆ ತಂದರೆ ತಿರುಗಿಸುವುದು ಹಗುರವಾಗುತ್ತದೆ, ಆದರೆ ತಿರುವಿನ ನಂತರ ಸ್ಟೀರಿಂಗು ತಾನಾಗಿ ನೇರಕ್ಕೆ ಮರಳುವ ಗುಣ ತಗ್ಗುತ್ತದೆ. ನಾನು ನಡುವಿನಲ್ಲಿ ಇರಿಸಿದ್ದೇನೆ. ಬಾಕ್ಸಿನ ಮೇಲಿನ ಅಡ್ಜಸ್ಟಿಂಗ್ ಸ್ಕ್ರೂ ಬಿಗಿಸಿ ಸಡಿಲ ತೆಗೆಯುವ ಆಸೆ ಬಹಳ ಮಂದಿಗೆ ಬರುತ್ತದೆ. ಹೆಚ್ಚು ಬಿಗಿಸಿದರೆ ನಡುವಿನಲ್ಲಿ ಹಿಡಿದಂತಾಗಿ ಹಲ್ಲುಗಳು ಸವೆಯುತ್ತವೆ, ಆದ್ದರಿಂದ ಚಕ್ರಗಳನ್ನು ತಿರುಗಿಸುವ ಸರಳುಗಳಾದ ಟೈ ರಾಡ್‌ಗಳ ತುದಿಗಳ ಸಡಿಲವನ್ನು ಮೊದಲು ನೋಡಿ, ಕೊನೆಗಷ್ಟೇ ಆ ಸ್ಕ್ರೂವಿಗೆ ಕೈ ಹಾಕುವುದು ಒಳ್ಳೆಯದು.