ಬಿ.ಪಿ. ಸರಿಯಿದೆ, ಬೆರಳು ತಣ್ಣಗಿದೆ

ಕರುಳು ತೂತಾಗಿ ಹೊಟ್ಟೆಯೊಳಗೆ ಸೋಂಕು ಹರಡಿದ ರೋಗಿಗಳು ರಾಯಚೂರಿನ ಬೇಸಿಗೆಯಲ್ಲಿ ಅರಿವಳಿಕೆ ವೈದ್ಯನಾದ ನನ್ನ ಮುಂದೆ ಬಂದಾಗ ನಾನು ಮೊದಲು ಮುಟ್ಟುವುದು ಅವರ ಕೈ. ದೇವದುರ್ಗ, ಮಾನ್ವಿ ಕಡೆಯ ಕೂಲಿಕಾರರು ಹೊಟ್ಟೆನೋವನ್ನು ಊರಲ್ಲೇ ಸಹಿಸಿಕೊಂಡು, ವಾಂತಿಯಿಂದ ಸೋತು ಬಂದಿರುತ್ತಾರೆ. ಬಿಸಿಲು ಮೊದಲೇ ಅವರ ಮೈಯ ನೀರನ್ನು ಹೀರಿರುತ್ತದೆ. ಆದರೂ ಬಿ.ಪಿ. ಎಷ್ಟೋ ಬಾರಿ ಸರಿಯಾಗಿಯೇ ಇರುತ್ತದೆ. ಚರ್ಮ, ಕರುಳು, ಮೂತ್ರಪಿಂಡಗಳ ರಕ್ತನಾಳಗಳನ್ನು ಬಿಗಿಗೊಳಿಸಿ ದೇಹ ಅದನ್ನು ಕಾಪಾಡಿಕೊಂಡಿರುತ್ತದೆ. ಅರಿವಳಿಕೆ ಕೊಟ್ಟೊಡನೆ ಆ ಬಿಗಿ ಸಡಿಲಗೊಂಡು ಒತ್ತಡ ಕುಸಿಯುತ್ತದೆ.

ಕೈಯನ್ನು ಹೃದಯದ ಮಟ್ಟದಲ್ಲಿಟ್ಟು, ತೋರುಬೆರಳ ತುದಿಯನ್ನು ಬಿಳಿಚುವವರೆಗೆ ಒತ್ತಿ, 10 ಸೆಕೆಂಡು ಹಿಡಿದು ಬಿಡುತ್ತೇನೆ. ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ರಕ್ತ ಸಾಕಷ್ಟು ಹರಿಯುತ್ತಿಲ್ಲವೆಂಬ ಅನುಮಾನ. 2019ರಲ್ಲಿ ಪ್ರಕಟವಾದ ಆಂಡ್ರೊಮಿಡಾ-ಶಾಕ್ ಅಧ್ಯಯನ ಸೋಂಕಿನ ಶಾಕ್‌ಗೆ, ಅಂದರೆ ಸೋಂಕಿನಿಂದ ರಕ್ತಸಂಚಾರ ಕುಸಿಯುವ ಸ್ಥಿತಿಗೆ, ಒಳಗಾದವರಲ್ಲಿ ಇದೇ ಪರೀಕ್ಷೆ ನೋಡಿ ಕೊಟ್ಟ ಚಿಕಿತ್ಸೆಯನ್ನು, ಅಂಗಾಂಗಗಳಿಗೆ ರಕ್ತ ಸಾಲದಾದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ನೋಡಿ ಕೊಟ್ಟ ಚಿಕಿತ್ಸೆಯ ಜೊತೆ ಹೋಲಿಸಿತು. ಸಾವಿನ ಪ್ರಮಾಣದಲ್ಲಿ ಕಂಡ ವ್ಯತ್ಯಾಸ ಸಂಖ್ಯಾಶಾಸ್ತ್ರದ ಗೆರೆಯನ್ನು ದಾಟಲಿಲ್ಲ. ಆದರೂ ರಾತ್ರಿ ಲ್ಯಾಕ್ಟೇಟ್ ಪರೀಕ್ಷೆ ಸಿಗದ ಊರುಗಳಲ್ಲಿ ಬೆರಳೊಂದು ಇಷ್ಟು ಹೇಳುತ್ತದೆಂಬುದು ನನಗೆ ದೊಡ್ಡ ಸಂಗತಿ.

ಒಮ್ಮೆ ಇಂಥದೇ ರೋಗಿಯೊಬ್ಬರನ್ನು ಟೇಬಲ್ ಮೇಲೆ ಮಲಗಿಸಿದ್ದೆವು. ಬಿ.ಪಿ. 124/80, ನಾಡಿ 118. "ಬಿ.ಪಿ. ಚೆನ್ನಾಗಿದೆಯಲ್ಲ ಸರ್, ಶುರು ಮಾಡೋಣವೇ?" ಎಂದರು ಸರ್ಜನ್. "ಒಮ್ಮೆ ಈ ಬೆರಳನ್ನು ಒತ್ತಿ ನೋಡಿ" ಎಂದೆ. ಬಣ್ಣ ಮರಳುವುದನ್ನು ಅವರೂ ಕಾದು ನಿಂತರು. ಡ್ರಿಪ್ ವೇಗ ಹೆಚ್ಚಿಸಿ, ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್ ಸಿದ್ಧವಿಟ್ಟುಕೊಂಡು, ಬೆರಳು ಬೆಚ್ಚಗಾಗತೊಡಗಿದ ಮೇಲೆ ಅರಿವಳಿಕೆಯ ಔಷಧ ಕೆಟಮಿನ್ ಕೊಟ್ಟು ನಿದ್ದೆಗೆ ಜಾರಿಸಿದೆ. ಒತ್ತಡ ಇಳಿಯಿತು, ಆದರೆ ಕೈ ಮೀರಲಿಲ್ಲ.

ಆಪರೇಷನ್ ನಡೆಯುವಾಗ ಪಲ್ಸ್ ಆಕ್ಸಿಮೀಟರ್‌ನ ಪರ್ಫ್ಯೂಷನ್ ಇಂಡೆಕ್ಸ್, ಅಂದರೆ ಬೆರಳಿನಲ್ಲಿ ರಕ್ತದ ಮಿಡಿತ ಎಷ್ಟು ಬಲವಾಗಿದೆ ಎಂದು ತೋರಿಸುವ ಅಂಕಿಯ ಮೇಲೆ ನನ್ನ ಕಣ್ಣಿರುತ್ತದೆ. ಅದರ ಒಂದು ಅಂಕಿಗೆ ಬೆಲೆಯಿಲ್ಲ, ಏರಿಳಿತಕ್ಕಿದೆ. ಅರಿವಳಿಕೆಯ ನಂತರ ರಕ್ತನಾಳಗಳು ಹಿಗ್ಗುವುದರಿಂದ ಅದು ತಾನಾಗಿ ಏರುತ್ತದೆ. ಆ ಏರಿಕೆಯನ್ನು ಕಂಡು ನೆಮ್ಮದಿಪಡುವಂತಿಲ್ಲ. ಸರಾಸರಿ ರಕ್ತದೊತ್ತಡ 65ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುತ್ತೇನೆ. ವೆಂಟಿಲೇಟರ್‌ನ ಸೆಟ್ಟಿಂಗ್ ಬದಲಿಸದೆಯೇ ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್ ಇಳಿದರೆ, ಹೃದಯ ತಳ್ಳುವ ರಕ್ತ ಕಡಿಮೆಯಾಯಿತೇ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಗಂಟೆಗೆ ಕಿಲೋ ತೂಕಕ್ಕೆ 0.5 ಮಿ.ಲೀ. ಮೂತ್ರ ಬರಬೇಕೆಂಬ ಲೆಕ್ಕವೂ ಇದೆ, ಆದರೆ ಅದು ತಡವಾಗಿ ಮಾತಾಡುವ ಸಾಕ್ಷಿ.

ಎ.ಸಿ.ಯ ತಂಪು ಈ ಪರೀಕ್ಷೆಗಳನ್ನೆಲ್ಲ ಕೆಡಿಸುತ್ತದೆ. ಆದ್ದರಿಂದ ಆಕ್ಸಿಮೀಟರ್‌ನ ಪ್ರೋಬ್ ಹಾಕಿದ ಕೈಯನ್ನು ಬೆಚ್ಚಗೆ ಹೊದಿಸಿ, ಬಿ.ಪಿ. ಪಟ್ಟಿಯನ್ನು ಇನ್ನೊಂದು ತೋಳಿಗೆ ಕಟ್ಟಿಸುತ್ತೇನೆ. ಮೆಹಂದಿ ಹಚ್ಚಿದ ಬೆರಳಿದ್ದರೆ ಬೇರೆ ಬೆರಳು, ಇಲ್ಲವೇ ಕಿವಿ. ಹಸಿರು ಬಟ್ಟೆ ಮುಚ್ಚುವ ಮೊದಲೇ ಒಂದು ಕೈ ನನಗೆ ಸಿಗುವಂತೆ ಬಿಡಲು ಹೇಳಿರುತ್ತೇನೆ. ಐ.ಸಿ.ಯು.ಗೆ ಒಪ್ಪಿಸುವಾಗ ಕೇಸ್ ಶೀಟ್‌ನಲ್ಲಿ ಬಿ.ಪಿ. ಪಕ್ಕದಲ್ಲಿಯೇ ಬಣ್ಣ ಮರಳಿದ ಸೆಕೆಂಡುಗಳನ್ನೂ ಒತ್ತಿದ ಬೆರಳನ್ನೂ ಬರೆಯುತ್ತೇನೆ. ಅಲ್ಲಿನ ಸಿಸ್ಟರ್ ಅದೇ ಬೆರಳನ್ನು ಮತ್ತೆ ಒತ್ತಿ ನೋಡುತ್ತಾರೆ.