ಪಂಪ್-ಪ್ರೋಬ್: ಮೊದಲು ಸೊನ್ನೆ ಹುಡುಕಿ

ಪಂಪ್-ಪ್ರೋಬ್ ಅಂದರೆ ಒಂದು ಲೇಸರ್ ಪಲ್ಸಿನಿಂದ (ಪಂಪ್) ಅಣುವನ್ನು ಕೆಣಕಿ, ಸ್ವಲ್ಪ ತಡವಾಗಿ ಬರುವ ಇನ್ನೊಂದರಿಂದ (ಪ್ರೋಬ್) ಏನಾಯಿತೆಂದು ನೋಡುವುದು. ನಮ್ಮ ಲ್ಯಾಬಿಗೆ ಹೊಸಬರು ಬಂದರೆ ನಾನು ಮೊದಲು ಕೊಡುವುದು ಹೆಕ್ಸೇನ್ ದ್ರಾವಕದಲ್ಲಿ ಕರಗಿಸಿದ ಸಿಸ್-ಸ್ಟಿಲ್ಬೀನ್ (ಜೋಡಿ ಬಂಧದ ಒಂದೇ ಪಕ್ಕಕ್ಕೆ ಎರಡು ಉಂಗುರಗಳಿರುವ ಅಣು). ಬೆಳಕು ಬಿದ್ದರೆ ಇದರ ಜೋಡಿ ಬಂಧ ತಿರುಚಿಕೊಳ್ಳುತ್ತದೆ. ಸುಮಾರು 1 ಪಿಕೊಸೆಕೆಂಡಿನಲ್ಲಿ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗ) ಎಲ್ಲ ಮುಗಿದುಹೋಗುತ್ತದೆ.

800 ನ್ಯಾನೊಮೀಟರ್ ತರಂಗಾಂತರದ ಲೇಸರ್ ಪಲ್ಸನ್ನು ಎರಡು ದಾರಿಗೆ ಒಡೆಯಿರಿ. ಒಂದರಿಂದ 267 ನ್ಯಾನೊಮೀಟರಿನ ಪಂಪ್ ಮಾಡಿಕೊಳ್ಳಿ. ಇನ್ನೊಂದನ್ನು ಕ್ಯಾಲ್ಸಿಯಂ ಫ್ಲೋರೈಡ್ ಬಿಲ್ಲೆಗೆ ಫೋಕಸ್ ಮಾಡಿದರೆ ಬಿಳಿ ಬೆಳಕು ಬರುತ್ತದೆ, ಅದೇ ಪ್ರೋಬ್. ಬೆಳಕು ಒಂದು ಫೆಮ್ಟೊಸೆಕೆಂಡಿಗೆ (ಪಿಕೊಸೆಕೆಂಡಿನ ಸಾವಿರದಲ್ಲೊಂದು ಭಾಗ) ಹೋಗುವುದು 0.3 ಮೈಕ್ರಾನ್. ಡಿಲೇ ಸ್ಟೇಜ್ (ಕನ್ನಡಿ ಸರಿಸಿ ಒಂದು ದಾರಿಯ ಉದ್ದ ಬದಲಿಸುವ ಸಾಧನ) 1 ಮೈಕ್ರಾನ್ ಸರಿದರೆ ಹೋಗಿ ಬರುವ ದಾರಿ ಸೇರಿ 6.7 ಫೆಮ್ಟೊಸೆಕೆಂಡ್ ತಡ. 1987ರಲ್ಲಿ ಕ್ಯಾಲ್ಟೆಕ್‌ನಲ್ಲಿ ರಸಾಯನ ವಿಜ್ಞಾನಿ ಅಹ್ಮದ್ ಜುವೈಲ್ ತಂಡ ಅಯೋಡಿನ್ ಸಯನೈಡ್ ಮುರಿಯಲು ಸುಮಾರು 200 ಫೆಮ್ಟೊಸೆಕೆಂಡ್ ಬೇಕು ಎಂದು ಅಳೆದದ್ದೂ ಹೀಗೆ ತಡ ಬದಲಿಸುತ್ತಲೇ. ಲೇಸರ್ ಕನ್ನಡಕ ಹಾಕಿ, ಉಂಗುರ ವಾಚು ತೆಗೆದಿಡಿ.

ಸ್ಟಿಲ್ಬೀನ್ ಹಾಕುವ ಆತುರ ಬೇಡ. ಮೊದಲು ಬರೀ ಹೆಕ್ಸೇನ್ ಹರಿಸಿ ಸ್ಕ್ಯಾನ್ ಮಾಡಿ. ಪಂಪ್, ಪ್ರೋಬ್ ಎರಡೂ ಒಟ್ಟಿಗೆ ಬರುವ ಜಾಗದಲ್ಲಿ ಏರಿಳಿಯುವ ಚೂಪು ಗುರುತೊಂದು ಕಾಣುತ್ತದೆ. ಅದು ಅಣುವಿನ ಆಟ ಅಲ್ಲ, ದ್ರಾವಕದ್ದು ಮತ್ತು ಗಾಜಿನದ್ದು. ಆದರೆ ಸೊನ್ನೆ ಸಮಯ ಅಲ್ಲೇ ಇದೆ, ಅದರ ಅಗಲ ನೋಡಿದರೆ ನಿಮ್ಮ ಸೆಟಪ್ಪಿನ ಯೋಗ್ಯತೆಯೂ ತಿಳಿಯುತ್ತದೆ. ಬಿಳಿ ಬೆಳಕಿನಲ್ಲಿ ಕೆಂಪು ಮುಂದೆ, ನೀಲಿ ಹಿಂದೆ. ಹಾಗಾಗಿ ಒಂದೊಂದು ಬಣ್ಣಕ್ಕೂ ಸೊನ್ನೆ ಬೇರೆ. ಇದನ್ನು ಸರಿಪಡಿಸದೆ ಗ್ರಾಫ್ ಹಾಕಿದರೆ ನೀಲಿಯಲ್ಲಿ ಏನೋ ನಿಧಾನವಾಗಿ ಹುಟ್ಟುತ್ತಿದೆ ಅನ್ನಿಸುತ್ತದೆ. ಸುಮ್ನೆ ಭ್ರಮೆ.

ಈಗ ಸ್ಯಾಂಪಲ್. ಪೋಲರೈಸೇಶನ್‌ಗಳ (ಪಂಪ್, ಪ್ರೋಬ್ ಬೆಳಕು ಕಂಪಿಸುವ ದಿಕ್ಕುಗಳ) ನಡುವೆ 54.7 ಡಿಗ್ರಿ ಇಡಿ, ಇಲ್ಲದಿದ್ದರೆ ಅಣು ತಿರುಗುವುದೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಪಂಪ್ ಪವರ್ ಅರ್ಧಕ್ಕಿಳಿಸಿ: ಸಿಗ್ನಲ್ಲೂ ಅರ್ಧವಾಗಬೇಕು. ಕಾಲು ಭಾಗವಾದರೆ ಎರಡೆರಡು ಫೋಟಾನ್ ನುಂಗುತ್ತಿದೆ ಅಂತ ಅರ್ಥ.

650 ನ್ಯಾನೊಮೀಟರಿನ ಹತ್ತಿರ ಸಿಸ್ ಸಿಗ್ನಲ್ ಬೇಗ ಬೀಳುತ್ತದೆ. 580ರ ಹತ್ತಿರ ಹತ್ತಾರು ಪಿಕೊಸೆಕೆಂಡ್ ಎಳೆಯುವ ಬಾಲ ಕಂಡರೆ ಹೊಸ ಸಂಶೋಧನೆ ಅಂತ ಹಿಗ್ಗಬೇಡಿ. ಬಾಟಲಿಯಲ್ಲಿ ಟ್ರಾನ್ಸ್ (ಉಂಗುರಗಳು ಎದುರುಬದುರು ಇರುವ ರೂಪ) ಜಾಸ್ತಿಯಾಗಿದೆ, ಅಷ್ಟೇ. ದ್ರಾವಣ ಬದಲಿಸಿ, ಮತ್ತೆ ಸ್ಕ್ಯಾನ್ ಮಾಡಿ.